ನಗ್ತಾ ಇರೋರಿಗೆ ಥೆರಪಿ ಯಾಕೆ ಅಂತ ಕೇಳಿದ್ದೀರಿ: ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಹೋದ ಸಂಚಿಕೆಲಿ ಬಂದ ಫಿಲಿಪಿನೋ ಜನರ, ಅಂದ್ರೆ ಫಿಲಿಪೀನ್ಸ್ ದೇಶದವರ, ಮಾನಸಿಕ ಆರೋಗ್ಯದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಉದ್ದ ಆಯ್ತು ಅಂತ ಕ್ಷಮೆ ಕೇಳಿದ್ದೀರಿ, ಅದೆಲ್ಲ ಬೇಡ, ಇಂಥ ಪತ್ರ ಬರ್ಲಿ ಅಂತಲೇ ನಾವು ಕಾಯೋದು.

ಬೇರೆ ಓದುಗರಿಗಾಗಿ ಪತ್ರದ ಸಾರ ಹೇಳ್ತೀನಿ. ಮೇಡಂ ಕುಂದಾಪುರ ಕಡೆಯವರು, ಗಲ್ಫ್‌ನ ಒಂದು ಆಸ್ಪತ್ರೆಲಿ ಸ್ಟಾಫ್ ನರ್ಸ್, ಅವರ ವಾರ್ಡಲ್ಲಿ ಅರ್ಧಕ್ಕರ್ಧ ಫಿಲಿಪಿನೋ ನರ್ಸ್‌ಗಳು. "ಇವರಷ್ಟು ನಗೋ ಜನಾನ ನಾನು ನೋಡೇ ಇಲ್ಲ, ಹಾಡ್ತಾರೆ, ಪ್ರಾರ್ಥನೆ ಮಾಡ್ತಾರೆ, ಒಬ್ಬರಿಗೊಬ್ಬರು ಆಗ್ತಾರೆ, ಇಂಥವರಿಗೆ ಡಿಪ್ರೆಶನ್ನು ಥೆರಪಿ ಅಂತ ಹೇಳೋದು ಅಮೆರಿಕದ ಕಾಯಿಲೆ ತಂದು ಅಂಟಿಸಿದ ಹಾಗೆ ಅಲ್ವಾ" ಅನ್ನೋದು ಅವರ ಮೊದಲ ಪ್ರಶ್ನೆ. ಆಮೇಲೆ ಪತ್ರದ ಕೊನೆಲಿ ಬೇರೆ ವಿಷಯ ಇದೆ. ಅದೇ ವಾರ್ಡಿನ ಒಬ್ಬ ಹುಡುಗಿ, ಊರಲ್ಲಿ ಮಗು ಬಿಟ್ಟು ಬಂದವಳು, ನೈಟ್ ಡ್ಯೂಟಿಲಿ ಇವರ ಹತ್ರ ಕೂತು ತುಂಬಾ ಹೊತ್ತು ಅತ್ತಿದ್ದಾಳೆ, ಆಸ್ಪತ್ರೆಯವರು ಕೊಟ್ಟಿರೋ ಫ್ರೀ ಕೌನ್ಸೆಲಿಂಗ್ ನಂಬರಿಗೆ ಕಾಲ್ ಮಾಡು ಅಂದ್ರೆ ಬೇಡ ಬೇಡ ಅಂದಿದ್ದಾಳೆ, ಬೆಳಿಗ್ಗೆ ಹ್ಯಾಂಡೋವರ್ ಟೈಮಲ್ಲಿ ಮತ್ತೆ ಅದೇ ನಗು. "ನಾನೇನು ಮಾಡ್ಬೇಕಿತ್ತು" ಅಂತ ಕೇಳಿದ್ದಾರೆ.

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಆ ಹುಡುಗಿನೇ ಉತ್ತರ ಕೊಟ್ಟಿದ್ದಾಳೆ ಅನ್ಸುತ್ತೆ ನನಗೆ. ನಗು ಸುಳ್ಳಲ್ಲ, ಅಳುನೂ ಸುಳ್ಳಲ್ಲ. ಅವಳು ಯಾರ ಮುಂದೆ ಅತ್ತಳು, ಯಾರಿಗೆ ಫೋನ್ ಮಾಡೋಕೆ ಒಪ್ಪಲಿಲ್ಲ, ಅದನ್ನ ನೋಡ್ಬೇಕು. ಫಿಲಿಪಿನೋಗಳ ಬಗ್ಗೆ ನಡೆದ ಸಂಶೋಧನೆಲಿ ಅತಿ ಮುಖ್ಯವಾದ ಭಾಗ ಇರೋದೇ ಇಲ್ಲಿ.

2020ರಲ್ಲಿ ಆಂಡ್ರಿಯಾ ಮಾರ್ಟಿನೆಝ್ ಮತ್ತು ಜೊತೆಗಾರರು ಅಲ್ಲಿವರೆಗೆ ಬಂದಿದ್ದ 15 ಅಧ್ಯಯನಗಳನ್ನ ಒಟ್ಟು ಸೇರಿಸಿ ನೋಡಿದ್ರು, ಎಲ್ಲಾ ಸೇರಿ ಐದು ಸಾವಿರ ಚಿಲ್ಲರೆ ಫಿಲಿಪಿನೋಗಳು, ಕೆಲವರು ಸ್ವದೇಶದಲ್ಲೇ ಇರೋರು, ಕೆಲವರು ಹೊರದೇಶದಲ್ಲಿ ಇರೋರು. ಕಂಡಿದ್ದು ಏನಪ್ಪಾ ಅಂದ್ರೆ ಕಷ್ಟ ಬಂದಾಗ ಮೊದಲು ಮನೆಯವರು ಸ್ನೇಹಿತರು, ಡಾಕ್ಟರು ಕೌನ್ಸೆಲರು ಕಟ್ಟಕಡೆಗೆ, ಅದೂ ಕೈಮೀರಿದ ಮೇಲೆ. ಯಾಕೆ ಹೋಗಲ್ಲ ಅಂದ್ರೆ ದುಡ್ಡು ಒಂದು ಕಾರಣ, ನಾಚಿಕೆ ಇನ್ನೊಂದು, ಮನೆತನಕ್ಕೆ ಕೆಟ್ಟ ಹೆಸರು ಬರುತ್ತೆ ಅನ್ನೋ ಭಯ, ಇದನ್ನ ನಾನೇ ತಡ್ಕೋಬೇಕು ಅನ್ನೋ ಹಠ. ಹೊರದೇಶದಲ್ಲಿ ಇರೋರಿಗೆ ಇದರ ಮೇಲೆ ಭಾಷೆ, ಇನ್ಶೂರೆನ್ಸ್, ವಲಸೆಯ ಕಾಗದಪತ್ರದ ಚಿಂತೆ. ನಿಮ್ಮ ವಾರ್ಡಿನ ಹುಡುಗಿ ಬೇಡ ಅಂದಿದ್ದು ಇವುಗಳಲ್ಲಿ ಯಾವುದಕ್ಕೋ, ಇಲ್ಲಾ ಎಲ್ಲದಕ್ಕೂ ಇರ್ಬಹುದು.

ಪ್ರಾರ್ಥನೆ ಇದ್ರೆ ಥೆರಪಿ ಬೇಡ ಅನ್ನೋ ಮಾತಿಗೂ ಒಂದು ಡೇಟಾ ಇದೆ. 1998-99ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಹೊನೊಲುಲುನಲ್ಲಿ 2,285 ಫಿಲಿಪಿನೋ ಅಮೆರಿಕನ್ನರನ್ನ ಮಾತಾಡಿಸಿ ದೊಡ್ಡ ಸರ್ವೆ ಮಾಡಿದ್ರು. ಮನಸ್ಸಿನ ಕಷ್ಟಕ್ಕೆ ಪಾದ್ರಿಗಳ ಹತ್ರ ಹೋದವರು, ಮಾನಸಿಕ ತಜ್ಞರ ಹತ್ರ ಹೋದವರು ಹತ್ತಿರ ಹತ್ತಿರ ಒಂದೇ ಪ್ರಮಾಣ, ಎರಡೂ ನೂರಕ್ಕೆ ಮೂರರ ಒಳಗೆ. ಹೆಚ್ಚು ಧಾರ್ಮಿಕ ಆದವರು ಪಾದ್ರಿ ಹತ್ರ ಜಾಸ್ತಿ ಹೋಗ್ತಿದ್ರು ನಿಜ, ಆದ್ರೆ ಅದಕ್ಕಾಗಿ ತಜ್ಞರ ಹತ್ರ ಹೋಗೋದು ಕಮ್ಮಿ ಆಗಿರ್ಲಿಲ್ಲ. ಅಂದ್ರೆ ಚರ್ಚ್ ಅಡ್ಡಿ ಅಲ್ಲ. ನನ್ನ ಪ್ರಕಾರ ಕೌನ್ಸೆಲರ್ ಹತ್ರ ಹೋಗೋಕೆ ಅದೂ ಒಂದು ದಾರಿ ಆಗ್ಬಹುದು.

ಇನ್ನೊಂದು, ನೀವು ನರ್ಸ್ ಆಗಿ ಇದನ್ನ ನನಗಿಂತ ಚೆನ್ನಾಗಿ ಬಲ್ಲಿರಿ. 1970ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಲಂಬಿಯಾ, ಸುಡಾನ್, ಫಿಲಿಪೀನ್ಸ್ ಮತ್ತು ನಮ್ಮ ಭಾರತ, ಈ ನಾಲ್ಕು ದೇಶದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಅಧ್ಯಯನ ಮಾಡಿಸ್ತು. ಸುಮ್ನೆ ಔಷಧಿಗೆ ಅಂತ ಬಂದ 1,624 ರೋಗಿಗಳನ್ನ ಕೂಲಂಕಷವಾಗಿ ನೋಡಿದ್ರೆ 13.9 ಪರ್ಸೆಂಟ್ ಜನಕ್ಕೆ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಬಂದಿದ್ದು ತಲೆನೋವು, ಹೊಟ್ಟೆನೋವು, ಕೆಮ್ಮು, ಸುಸ್ತು ಅಂತ. ಅಲ್ಲಿನ ಆರೋಗ್ಯ ಸಿಬ್ಬಂದಿ ಕಂಡುಹಿಡಿದಿದ್ದು ಮೂರರಲ್ಲಿ ಒಂದು ಕೇಸ್ ಮಾತ್ರ, ಮಿಕ್ಕ ಎರಡು ಹಾಗೇ ತಪ್ಪಿಹೋದ್ವು. 1980ರಲ್ಲಿ ಪ್ರಕಟ ಆದ ಈ ಅಧ್ಯಯನದಲ್ಲಿ ಫಿಲಿಪೀನ್ಸ್ ಬಡವರೂ ಭಾರತದ ಹಳ್ಳಿಯವರೂ ಒಂದೇ ಟೇಬಲ್ಲಲ್ಲಿ ಇದ್ದಾರೆ, ಕನ್ನಡ ಪತ್ರಿಕೆಗೆ ಈ ವಿಷಯ ಯಾಕೆ ಅಂತ ಕೇಳೋರಿಗೆ ನಾನು ಇದನ್ನೇ ತೋರಿಸ್ತೀನಿ. ನಿಮ್ಮ ಹುಡುಗಿ ಮೂರು ವಾರದಿಂದ ತಲೆನೋವು ಅಂತ ಪ್ಯಾರಸಿಟಮಾಲ್ ತಗೋತಿದ್ಲು ಅಂತ ನೀವೇ ಬರೆದಿದ್ದೀರಲ್ಲ, ಅದನ್ನ ಓದಿದಾಗ್ಲೇ ನನಗೆ ಇದು ನೆನಪಾಗಿದ್ದು.

ಈಗ ನಿಮ್ಮ ದೊಡ್ಡ ಆಕ್ಷೇಪಕ್ಕೆ ಬರ್ತೀನಿ, ಅಮೆರಿಕದ ಕಾಯಿಲೆ ಅಂತ ಅಂದ್ರಲ್ಲ ಅದು. ಈ ಆಕ್ಷೇಪ ಸಣ್ಣದಲ್ಲ, ಇದನ್ನ ಎಲ್ಲರಿಗಿಂತ ಜೋರಾಗಿ ಎತ್ತಿದವರು ಫಿಲಿಪಿನೋಗಳೇ. ಸ್ಪೇನ್ ಹೋದ ಮೇಲೆ ಅಮೆರಿಕ ಆಳಿದ ದೇಶ ಅದು, ಯೂನಿವರ್ಸಿಟಿಗಳಲ್ಲಿ ಸೈಕಾಲಜಿ ಅಂದ್ರೆ ಇಂಗ್ಲಿಷು, ಅಮೆರಿಕದ ಪುಸ್ತಕ, ಅಮೆರಿಕದ ಟೆಸ್ಟು. ವಿರ್ಜಿಲಿಯೊ ಎನ್ರಿಕೆಝ್ ಅಂತ ಒಬ್ಬರು ಅಮೆರಿಕದ ನಾರ್ತ್‌ವೆಸ್ಟರ್ನ್‌ನಲ್ಲಿ ಪಿಎಚ್‌ಡಿ ಮಾಡಿ 1971ರಲ್ಲಿ ವಾಪಸ್ ಬಂದು ಯೂನಿವರ್ಸಿಟಿ ಆಫ್ ದ ಫಿಲಿಪೀನ್ಸ್‌ನಲ್ಲಿ ಪಾಠ ಮಾಡ್ತಾ, ನಮ್ಮ ಜನರನ್ನ ಅವರ ಅಳತೆಕೋಲಲ್ಲಿ ಅಳೀತಾ ಕೂತ್ರೆ ನಮಗೆ ನಾವೇ ಕಾಣಲ್ಲ ಅಂತ ವಾದ ಹೂಡಿದ್ರು. ಸಿಕೊಲೊಹಿಯಾಂಗ್ ಪಿಲಿಪಿನೊ, ಅಂದ್ರೆ ಫಿಲಿಪಿನೋ ಮನಃಶಾಸ್ತ್ರ, ಅನ್ನೋ ಚಳವಳಿ ಶುರುವಾಗಿದ್ದು ಹಾಗೆ, 1975ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಸಂಘಟನೆನೂ ಆಯ್ತು. 1994ರಲ್ಲಿ ಎನ್ರಿಕೆಝ್ ತೀರಿಕೊಂಡ್ರು, ಚಳವಳಿ ನಿಂತಿಲ್ಲ.

ಅವರು ಏನು ಬದಲಾಯಿಸಿದ್ರು ಅಂದ್ರೆ ಮುಖ್ಯವಾಗಿ ಕೇಳೋ ರೀತಿನ. ಫಾರಂ ಹಿಡ್ಕೊಂಡು ಹೋಗಿ ಒಂದರಿಂದ ಐದರಲ್ಲಿ ಎಷ್ಟು ಅಂತ ಕೇಳಿದ್ರೆ ಫಿಲಿಪಿನೋ ಮನುಷ್ಯ ಮರ್ಯಾದೆಗೆ ಏನೋ ಒಂದು ಹೇಳಿ ಕಳಿಸ್ತಾನೆ, ನೀವಿನ್ನೂ ಹೊರಗಿನವರು. ಕೂತು, ಕಾಫಿ ಕುಡಿದು, ಅದೂ ಇದೂ ಮಾತಾಡಿ, ಸುಮ್ನೆ ಜೊತೆಗಿದ್ದು, ಸಂಶೋಧಕನೂ ತನ್ನ ಬಗ್ಗೆ ಹೇಳ್ಕೊಂಡು, ಹೀಗೆ ಹಂತ ಹಂತವಾಗಿ ನೀವು ಒಳಗಿನವರಾದ ಮೇಲೆ ಮಾತ್ರ ನಿಜವಾದ ಮಾತು ಬರುತ್ತೆ. ಹಾಗಾಗಿ ಇಂಥ ಹರಟೆನೇ ಒಂದು ಸಂಶೋಧನಾ ವಿಧಾನ ಅಂತ ಅವರು ಬರೆದಿಟ್ರು, ಎಷ್ಟು ಹತ್ತಿರ ಆಗಿದ್ದೀವಿ ಅನ್ನೋದರ ಮೇಲೆ ಡೇಟಾ ಎಷ್ಟು ನಂಬಬಹುದು ಅನ್ನೋದು ನಿಂತಿದೆ ಅಂದ್ರು. ಇದೇ ಚಳವಳಿ ಕಾಲದಲ್ಲೇ, 1977ರಲ್ಲಿ, ಅಲ್ಲಿನ ಮನಃಶಾಸ್ತ್ರಜ್ಞ ಆಲ್ಫ್ರೆಡೊ ಲಾಗ್ಮಾಯ್ "ಬಹಾಲಾ ನಾ" ಅನ್ನೋ ಮನೋಭಾವದ ಬಗ್ಗೆ ಬರೆದ್ರು. ಹೊರಗಿನವರು ಅದನ್ನ ಹಣೆಬರಹ ಅಂತ ಕೈಚೆಲ್ಲೋ ಸೋಮಾರಿತನ ಅಂತ ಬರೀತಾ ಬಂದಿದ್ರು, ಇವರು ಹಾಗಲ್ಲ, ಮುಂದೇನಾಗುತ್ತೆ ಗೊತ್ತಿಲ್ಲದಾಗ ಧೈರ್ಯ ತಂದ್ಕೊಂಡು ಮುನ್ನುಗ್ಗೋದು ಅಂತ ತೋರಿಸಿದ್ರು. ಕೌನ್ಸೆಲಿಂಗ್ ಮಾಡೋರಿಗೆ ಇದು ದೊಡ್ಡ ವ್ಯತ್ಯಾಸ. ಒಂದನ್ನ ರೋಗಲಕ್ಷಣ ಅಂತ ಹಿಡಿದ್ರೆ ತಿದ್ದೋಕೆ ಹೋಗ್ತೀವಿ, ಶಕ್ತಿ ಅಂತ ಹಿಡಿದ್ರೆ ಅದನ್ನೇ ಊರುಗೋಲು ಮಾಡ್ಕೋತೀವಿ.

ಆದ್ರೆ ಮೇಡಂ, ಇಲ್ಲಿಂದ ಹಾರಿ "ಹಾಗಾದ್ರೆ ಅವರಿಗೆ ಥೆರಪಿನೇ ಬೇಡ" ಅನ್ನೋದನ್ನ ನಾನು ಖಂಡಿತ ಒಪ್ಪಲ್ಲ, ಎನ್ರಿಕೆಝ್ ಜೊತೆಗಾರರೂ ಹಾಗೆ ಹೇಳಿಲ್ಲ. "ಫಿಲಿಪಿನೋಗಳು ಗಟ್ಟಿ ಜನ, ತಡ್ಕೋತಾರೆ" ಅನ್ನೋ ಹೊಗಳಿಕೆ ಎಷ್ಟು ಸಲ ಸೌಲಭ್ಯ ಕೊಡದೇ ಇರೋದಕ್ಕೆ ನೆಪ ಆಗಿದೆ ಅಂದ್ರೆ ಅಲ್ಲಿನವರಿಗೇ ಆ ಮಾತು ಕೇಳಿ ಕೇಳಿ ಸಿಟ್ಟು ಬಂದಿದೆ. 2013ರ ನವೆಂಬರ್ 8ಕ್ಕೆ ಹೈಯಾನ್ ಚಂಡಮಾರುತ, ಅವರು ಯೊಲಾಂಡಾ ಅಂತಾರೆ, ಟಕ್ಲೋಬಾನ್ ಊರನ್ನ ಹೊಡೆದು, ದೇಶದಲ್ಲಿ ಒಟ್ಟು ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಆಗಲೂ ಪ್ರಪಂಚ ಪೂರ್ತಿ ಹೊಗಳಿದ್ದು ಬದುಕುಳಿದವರ ನಗುಮುಖವನ್ನೇ. ಅಲ್ಲಿನ ಮನಃಶಾಸ್ತ್ರಜ್ಞರು ಮಾಡಿದ್ದು ಬೇರೆ. ರೆಜಿನಾ ಹೆಚನೋವಾ ಮತ್ತು ಜೊತೆಗಾರರು ಬದುಕುಳಿದವರಿಗೆ ಅಂತಲೇ "ಕಟಟಗಾನ್" ಅನ್ನೋ ಕಾರ್ಯಕ್ರಮ ಕಟ್ಟಿದ್ರು, ಆರು ಮಾಡ್ಯೂಲು, ಒಬ್ಬೊಬ್ಬರನ್ನೇ ಕೂರಿಸಿ ಅಲ್ಲ, ಗುಂಪಲ್ಲಿ. ಒಳಗಿರೋದು ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳೋ ಥೆರಪಿ), ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡೋ ಅಭ್ಯಾಸ), ಅಂದ್ರೆ ನೀವು ಹೇಳೋ ಪಾಶ್ಚಾತ್ಯ ಸರಕೇ, ಆದ್ರೆ ನಿಮ್ಮಲ್ಲಿ ಏನು ಶಕ್ತಿ ಇದೆ ಅನ್ನೋದರಿಂದ ಶುರು ಮಾಡಿ, ಜೊತೆಗಿರೋರ ಮಾತು ಕೇಳ್ತಾ, ಮುಂದಿನ ದಿನಗಳಿಗೆ ಪ್ಲಾನ್ ಮಾಡೋದರಲ್ಲಿ ಮುಗಿಯುತ್ತೆ.

ಹೊರದೇಶದಲ್ಲಿ ದುಡಿಯೋರಿಗೂ ಇಂಥ ಪ್ರಯತ್ನ ಆಗಿದೆ, ಇದು ನಿಮಗೆ ತೀರಾ ಹತ್ತಿರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸ್ಟೆಪ್-ಬೈ-ಸ್ಟೆಪ್ ಅಂತ ಡಿಪ್ರೆಶನ್‌ಗೆ ಒಂದು ಆನ್‌ಲೈನ್ ಪ್ರೋಗ್ರಾಂ ಇದೆ, ಚೀನಾದ ಮಕಾವುನಲ್ಲಿ ಕೆಲಸ ಮಾಡೋ ಫಿಲಿಪಿನೋಗಳಿಗೆ ಅದನ್ನ ಹಾಗೇ ಅನುವಾದ ಮಾಡಿ ಕೈಗೆ ಕೊಡಲಿಲ್ಲ, ಅವರನ್ನೇ ಕೂರಿಸಿ ಕೇಳಿ, ಅವರ ಬದುಕಿಗೆ ಹೊಂದೋ ಹಾಗೆ ತಿದ್ದಿ, "ಕುಮುಸ್ತಾ ಕಬಾಯನ್" ಅಂತ ಹೆಸರಿಟ್ರು, ಹೇಗಿದ್ದೀಯಾ ನಮ್ಮೂರವನೇ ಅಂದ ಹಾಗೆ. 2019ರಲ್ಲಿ ಇದನ್ನ ಹೇಗೆ ಮಾಡಿದ್ರು ಅಂತ ಮೆಲಿಸ್ಸಾ ಗರಾಬಿಲೆಸ್ ಮತ್ತು ಜೊತೆಗಾರರು ಬರೆದಿದ್ದಾರೆ. ನಿಮ್ಮ ಆಸ್ಪತ್ರೆಯವರು ಗೋಡೆಗೆ ಅಂಟಿಸಿದ ಪೋಸ್ಟರಿಗೂ ಇದಕ್ಕೂ ಎಷ್ಟು ದೂರ ನೋಡಿ.

ಫಿಲಿಪೀನ್ಸ್ ಒಳಗಿನ ಪರಿಸ್ಥಿತಿನೂ ಸಂಕ್ಷೇಪವಾಗಿ ಹೇಳಿಬಿಡ್ತೀನಿ. 2020ರ ಜನಗಣತಿ ಪ್ರಕಾರ ಹತ್ತಿರ ಹತ್ತಿರ 11 ಕೋಟಿ ಜನ, ಸೈಕಿಯಾಟ್ರಿಸ್ಟ್‌ಗಳು ಸುಮಾರು ಐನೂರು. ರಾಷ್ಟ್ರಮಟ್ಟದ ಮಾನಸಿಕ ಆರೋಗ್ಯ ಕಾನೂನು ಬಂದಿದ್ದೇ 2018ರಲ್ಲಿ, ಸರ್ಕಾರಿ ಸಹಾಯವಾಣಿ 2019ರಲ್ಲಿ. ಮನಿಲಾ ಪಕ್ಕದ ಮಂಡಲುಯೊಂಗ್‌ನಲ್ಲಿ 1928ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ನಮ್ಮಲ್ಲಿ ಯಾರಾದ್ರೂ ವಿಚಿತ್ರವಾಗಿ ಆಡಿದ್ರೆ "ಧಾರವಾಡಕ್ಕೆ ಕಳಿಸ್ಬೇಕು" ಅಂತಾರಲ್ಲ, ಅಲ್ಲಿ ಆ ಊರಿನ ಹೆಸರು ಹಾಗೇ ಬಳಕೆಲಿದೆ. ಇಂಥ ಮಾತು ಕೇಳ್ಕೊಂಡು ಬೆಳೆದ ಹುಡುಗಿಗೆ ಕೌನ್ಸೆಲಿಂಗ್ ನಂಬರ್ ಕೊಟ್ರೆ ಏನನ್ಸುತ್ತೆ ಅಂತ ನೀವೇ ಯೋಚಿಸಿ.

ಇನ್ನು ನೀವೇನು ಮಾಡ್ಬೇಕಿತ್ತು ಅನ್ನೋದು. ಮೇಡಂ, ನೀವು ಮಾಡಿದ್ದು ಸರಿಯಾಗೇ ಇದೆ, ಪಕ್ಕ ಕೂತ್ರಿ, ಕೇಳಿದ್ರಿ, ಯಾರಿಗೂ ಹೇಳ್ಲಿಲ್ಲ. ಅವಳು ನಿಮ್ಮನ್ನ ಒಳಗೆ ಬಿಟ್ಕೊಂಡಿದ್ದಾಳೆ, ಅದು ದೊಡ್ಡದು. ಈಗ ಆ ನಂಟನ್ನೇ ಹಿಡ್ಕೊಂಡು ಮುಂದೆ ಹೋಗಿ. ಒಂದ್ಸಲ ಕೇಳಿದ್ರೆ ಪರವಾಗಿಲ್ಲ ಅಂತಾಳೆ, ಎರಡು ದಿನ ಬಿಟ್ಟು ಮತ್ತೆ ಕೇಳಿ. ನಂಬರ್ ಕೊಟ್ಟು ಬಿಡೋ ಬದಲು ಕಾಲ್ ಮಾಡುವಾಗ ನಾನು ಪಕ್ಕದಲ್ಲಿ ಇರ್ತೀನಿ ಅನ್ನಿ. ವಾರ್ಡಲ್ಲಿ ಅವಳು "ಆತೆ", ಅಂದ್ರೆ ಅಕ್ಕ, ಅಂತ ಕರೆಯೋ ಸೀನಿಯರ್ ಫಿಲಿಪಿನೋ ನರ್ಸ್ ಯಾರಾದ್ರೂ ಇರ್ತಾರೆ, ಅವಳು ಒಪ್ಪಿದ್ರೆ ಅವರನ್ನೂ ಸೇರಿಸ್ಕೊಳ್ಳಿ, ಚರ್ಚಿನ ಫಾದರ್ ಆದ್ರೂ ಸರಿ. ಸಾಯೋ ಮಾತೇನಾದ್ರೂ ಬಂದ್ರೆ ಮಾತ್ರ ಗುಟ್ಟು ಇಟ್ಕೋಬೇಡಿ, ಒಬ್ಬಳನ್ನೇ ಬಿಡಬೇಡಿ, ಆ ಕ್ಷಣವೇ ಡ್ಯೂಟಿ ಡಾಕ್ಟರಿಗೆ ಹೇಳಿ, ಸಾಯಬೇಕು ಅನ್ಸುತ್ತಾ ಅಂತ ನೇರವಾಗಿ ಕೇಳೋದರಿಂದ ಆ ಯೋಚನೆ ಹುಟ್ಟಲ್ಲ, ಹೆದರಬೇಡಿ.

ನಿಮ್ಮ ಬಗ್ಗೆನೂ ಒಂದು ಮಾತು, ಪತ್ರದಲ್ಲಿ "ನಾನೂ ಊರಿಗೆ ಹೋಗಿ ಎರಡು ವರ್ಷ ಆಯ್ತು" ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ರಜೆಗೆ ಬಂದಾಗ ಬೇಕು ಅನ್ಸಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ಆ ಫ್ರೀ ನಂಬರ್ ವಿಷಯ. ಅದನ್ನ ಆಸ್ಪತ್ರೆಯವರೇ ನಡೆಸ್ತಾರಾ ಹೊರಗಿನ ಏಜೆನ್ಸಿನಾ, ಕಾಲ್ ಮಾಡಿದವರ ಹೆಸರು ಎಚ್‌ಆರ್‌ಗೆ ಹೋಗುತ್ತಾ, ಕಾಂಟ್ರ್ಯಾಕ್ಟ್ ರಿನ್ಯೂವಲ್‌ಗೆ ತೊಂದರೆ ಆಗುತ್ತಾ, ತಗಾಲೋಗ್‌ನಲ್ಲೋ ಸೆಬುವಾನೋದಲ್ಲೋ ಮಾತಾಡೋರು ಯಾರಾದ್ರೂ ಇದ್ದಾರಾ, ಇಷ್ಟನ್ನ ಎಚ್‌ಆರ್‌ಗೆ ಇಮೇಲ್ ಮಾಡಿ ಬರಹದಲ್ಲೇ ಉತ್ತರ ತರಿಸ್ಕೊಳ್ಳಿ. ಒಬ್ಬರೇ ಕೇಳಬೇಡಿ, ನಾಲ್ಕೈದು ಜನ ನರ್ಸ್‌ಗಳು ಸೇರಿ ಕೇಳಿ, ಕನ್ನಡದವರು ಮಲಯಾಳಿಗಳು ಫಿಲಿಪಿನೋಗಳು ಎಲ್ಲರ ಹೆಸರೂ ಇರ್ಲಿ. ಏನು ಉತ್ತರ ಬಂತು ಅಂತ ನಮಗೂ ಬರೀರಿ.