ಸೆಲ್ ಒಳಗೆ ಕರೆಂಟ್ ತುಂಬಿಟ್ಟಿರುತ್ತಾರಾ? ಎರಡು ಪಾತ್ರೆಗಳ ನಡುವೆ ಉಪ್ಪಿನ ಸೇತುವೆ (ಉಪ್ಪಿನ ದ್ರಾವಣ ತುಂಬಿದ ಕೊಳವೆ) ಯಾಕೆ ಬೇಕು? ಸೆಲ್‌ನಿಂದ ಎಷ್ಟು ಶಕ್ತಿ ಸಿಗುತ್ತದೆ?

ಇಲ್ಲ, ಕರೆಂಟ್ ತುಂಬಿಟ್ಟಿರುವುದಿಲ್ಲ. ಸೆಲ್‌ನಲ್ಲಿ ಇರುವುದು ರಾಸಾಯನಿಕ ಶಕ್ತಿ. ತಂತಿ ಜೋಡಿಸಿದಾಗ ಮಾತ್ರ ಅದು ವಿದ್ಯುತ್ತಾಗುತ್ತದೆ.

ನಾನು ಇದನ್ನು ವಿವರಿಸುವಾಗ ಮೊದಲು ಸೆಲ್ ಚಿತ್ರವನ್ನೇ ಪಕ್ಕಕ್ಕಿಡುತ್ತೇನೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ನೀಲಿ ನೀರಿಗೆ ಸುಮ್ನೆ ಒಂದು ಸತುವಿನ ತುಂಡು ಹಾಕಿದರೆ ಏನಾಗುತ್ತದೆ? ಸತು ಕರಗುತ್ತದೆ, ಅದರ ಮೇಲೆ ತಾಮ್ರ ಕೂರುತ್ತದೆ, ನೀಲಿ ಮಾಸುತ್ತದೆ, ನೀರು ಬೆಚ್ಚಗಾಗುತ್ತದೆ. ಸತುವಿನ ಒಂದೊಂದು ಪರಮಾಣುವೂ ಎರಡು ಎಲೆಕ್ಟ್ರಾನ್‌ಗಳನ್ನು ಪಕ್ಕದಲ್ಲೇ ಇರುವ ತಾಮ್ರದ ಅಯಾನಿಗೆ (ವಿದ್ಯುತ್ ಆವೇಶ ಹೊತ್ತ ಕಣಕ್ಕೆ) ಕೊಟ್ಟುಬಿಡುತ್ತದೆ. ಶಕ್ತಿಯೆಲ್ಲ ಶಾಖವಾಗಿ ಹೋಯಿತು, ನಮಗೆ ಏನೂ ದಕ್ಕಲಿಲ್ಲ.

1836ರಲ್ಲಿ ಬ್ರಿಟಿಷ್ ವಿಜ್ಞಾನಿ ಡೇನಿಯಲ್ ಮಾಡಿದ ಸೆಲ್‌ನಲ್ಲಿ ನಡೆಯುವುದೂ ಇದೇ ಕ್ರಿಯೆ. ಆದರೆ ಅಲ್ಲಿ ಸತು ಒಂದು ಕಡೆ, ತಾಮ್ರದ ದ್ರಾವಣ ಇನ್ನೊಂದು ಕಡೆ. ಎರಡೂ ನೇರವಾಗಿ ಮುಟ್ಟುವ ಹಾಗಿಲ್ಲ. ಎಲೆಕ್ಟ್ರಾನ್‌ಗಳಿಗೆ ಉಳಿದದ್ದು ಒಂದೇ ದಾರಿ, ಹೊರಗಿನ ತಂತಿ. ಆ ದಾರಿಯಲ್ಲಿ ಬಲ್ಬ್ ಇಟ್ಟರೆ ಬೆಳಕು, ಮೋಟಾರ್ ಇಟ್ಟರೆ ಚಲನೆ. ಸೆಲ್‌ನ ಜಾಣತನವೆಲ್ಲ ಇಷ್ಟೇ ಅಂತ ನನಗೆ ಅನಿಸುತ್ತದೆ.

ಇನ್ನು ಸೇತುವೆ. ಅದು ಇಲ್ಲದಿದ್ದರೆ ಸತುವಿನ ಪಾತ್ರೆಯಲ್ಲಿ ಧನ ಅಯಾನುಗಳು ಹೆಚ್ಚಾಗುತ್ತವೆ. ತಾಮ್ರದ ಪಾತ್ರೆಯಲ್ಲಿ ತಾಮ್ರದ ಅಯಾನುಗಳು ಖಾಲಿಯಾಗುತ್ತಾ ಸಲ್ಫೇಟ್‌ನ ಋಣ ಆವೇಶ ಜಾಸ್ತಿಯಾಗುತ್ತದೆ. ಆಗ ಧನವಾದ ಕಡೆಯಿಂದ ಎಲೆಕ್ಟ್ರಾನ್‌ಗಳು ಹೊರಡುವುದಿಲ್ಲ, ಋಣವಾದ ಕಡೆ ಅವನ್ನು ಒಳಗೆ ಬಿಡುವುದಿಲ್ಲ. ಕ್ಷಣಮಾತ್ರದಲ್ಲಿ ಎಲ್ಲ ನಿಂತುಹೋಗುತ್ತದೆ. ಸೇತುವೆಯಲ್ಲಿರುವ ಉಪ್ಪು ಸತುವಿನ ಕಡೆಗೆ ಋಣ ಅಯಾನು, ತಾಮ್ರದ ಕಡೆಗೆ ಧನ ಅಯಾನು ಕಳಿಸಿ ಲೆಕ್ಕ ಸರಿಮಾಡುತ್ತದೆ. ಎಲೆಕ್ಟ್ರಾನ್‌ಗಳು ಸೇತುವೆಯ ಮೂಲಕ ವಾಪಸ್ ಬರುತ್ತವೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ, ಅವು ಓಡಾಡುವುದು ಲೋಹದಲ್ಲಿ ಮಾತ್ರ. ದ್ರಾವಣದಲ್ಲಿ ಓಡಾಡುವುದು ಅಯಾನುಗಳು.

ಎಷ್ಟು ಶಕ್ತಿ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಈ ಸೆಲ್‌ನ ಪ್ರಮಾಣಿತ ವೋಲ್ಟೇಜ್ ಸುಮಾರು 1.1 ವೋಲ್ಟ್. ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ) ಸತು, ಅಂದರೆ 65 ಗ್ರಾಂ ಚಿಲ್ಲರೆ, ಕರಗಿದರೆ ಎರಡು ಮೋಲ್ ಎಲೆಕ್ಟ್ರಾನ್ ಹರಿಯುತ್ತವೆ. ಒಂದು ಮೋಲ್ ಎಲೆಕ್ಟ್ರಾನ್‌ಗೆ ಸುಮಾರು 96,500 ಕೂಲಂಬ್ (ಆವೇಶದ ಅಳತೆ). ಇವನ್ನು (2 × 96,500 × 1.1) ಗುಣಿಸಿದರೆ 212 ಕಿಲೋಜೂಲ್ ಹತ್ತಿರ ಬರುತ್ತದೆ. ಇದು ಗರಿಷ್ಠ ಮಿತಿ. ಸೆಲ್‌ಗೆ ತನ್ನದೇ ಒಳರೋಧ (ಕರೆಂಟ್‌ಗೆ ಒಳಗಿನ ಅಡ್ಡಿ) ಇರುವುದರಿಂದ ಕೈಗೆ ಸಿಗುವುದು ಕಡಿಮೆ. ಜಾಸ್ತಿ ಕರೆಂಟ್ ಎಳೆದಾಗ ಸೆಲ್ ಬಿಸಿಯಾಗುತ್ತದಲ್ವಾ, ಉಳಿದ ಪಾಲು ಹೋಗುವುದು ಅಲ್ಲಿಗೇ.