ಚರ್ಚಿನ ನರ್ಸ್ ಆಗುವ ಮುಂಚೆ

ತಂಗಿ, ಉಡುಪಿಯಿಂದ ಅಮೆರಿಕಕ್ಕೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ, ಆಗಲೇ ಇಲ್ಲಿನ ಚರ್ಚಿನವರು ನಿನ್ನನ್ನು ಪ್ಯಾರಿಷ್ ನರ್ಸ್, ಅಂದರೆ ಸಭೆಯವರ ಆರೋಗ್ಯ ವಿಚಾರಿಸುವ ನರ್ಸ್, ಆಗು ಅಂತ ಕರೆದಿದ್ದಾರೆ. ಸಂಬಳ ಇದೆಯಾ, ಆಸ್ಪತ್ರೆ ಡ್ಯೂಟಿ ಜೊತೆ ಆಗುತ್ತದಾ, ಕೆಲಸ ಏನು ಅಂತ ಕೇಳಿದ್ದೀಯ. ಓದಿ ಹೆಮ್ಮೆಯಾಯಿತು.

ಸಂಬಳ ಹೆಚ್ಚಿನ ಕಡೆ ಇಲ್ಲ. ಡ್ಯೂಟಿ ಜೊತೆ ಆಗುತ್ತದೆ. ಆದರೆ ನೈಟ್ ಮುಗಿಸಿ ನಿದ್ದೆಗೆಟ್ಟು ಹೋಗಬೇಡ. ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಬೇಕೇ ಬೇಕು, ಈ ಕೆಲಸಕ್ಕೆಂದೇ ಇರುವ ಫೌಂಡೇಷನ್ಸ್ ಎಂಬ ಆರಂಭಿಕ ಕೋರ್ಸನ್ನೂ ಮಾಡಿಕೋ.

ಈ ಕೆಲಸ ಶುರುವಾಗಿದ್ದೇ ನಮ್ಮ ಶಿಕಾಗೋ ಪಕ್ಕದ ಪಾರ್ಕ್ ರಿಡ್ಜ್‌ನಲ್ಲಿ. 1980ರ ದಶಕದಲ್ಲಿ ಗ್ರ್ಯಾಂಜರ್ ವೆಸ್ಟ್‌ಬರ್ಗ್ ಎಂಬ ಲುಥೆರನ್ ಪಾದ್ರಿ ಅಲ್ಲಿನ ಲುಥೆರನ್ ಜನರಲ್ ಆಸ್ಪತ್ರೆಯ ಜೊತೆ ಸೇರಿ 6 ಚರ್ಚುಗಳಲ್ಲಿ ನರ್ಸ್‌ಗಳನ್ನು ಇರಿಸಿದರು. ಈಗ ಫೇತ್ ಕಮ್ಯುನಿಟಿ ನರ್ಸ್ ಅನ್ನುತ್ತಾರೆ. ಯಾವ ಧರ್ಮದವರಿಗೂ ಆ ಹೆಸರು ಸಲ್ಲುತ್ತದೆ. ಊರಲ್ಲಿ ಸಿಸ್ಟರ್ ಅಂದರೆ ಇಂಜೆಕ್ಷನ್ ನೆನಪಾಗುತ್ತದೆ ಅಲ್ವಾ? ಇಲ್ಲಿ ಅದಿಲ್ಲ. ಬಿಪಿ ನೋಡುತ್ತೀಯ, ಯಾವ ಮಾತ್ರೆ ಯಾವಾಗ ಅಂತ ಬಿಡಿಸಿ ಹೇಳುತ್ತೀಯ. ಒಂಟಿಯಾಗಿರುವ ಅಜ್ಜಿಯ ಮನೆಗೆ ಹೋಗಿ ಕೂರುತ್ತೀಯ. ಸುಮ್ನೆ ಕೂತು ಕೇಳುವುದೇ ಜಾಸ್ತಿ.

ನಾನು ಎಡವಿದ್ದು ಅಲ್ಲೇ. ನಮ್ಮಮ್ಮನಿಗೆ ಆಪರೇಷನ್ ಆದಾಗ ಊರಿನ ಸಭಾಪಾಲಕರು (ಪಾದ್ರಿ) ಆರಾಧನೆಯಲ್ಲೇ ಹೆಸರು ಹೇಳಿದ್ದರು. ಸಂಜೆ ಮನೆ ತುಂಬಾ ಜನ, ಯಾರೋ ಗಂಜಿ ತಂದರು, ಯಾರೋ ದನಕ್ಕೆ ಹುಲ್ಲು ಹಾಕಿದರು. ನನಗೆ ಗೊತ್ತಿದ್ದ ಪ್ರೀತಿ ಅದೇ. ಇಲ್ಲಿ ಈ ಕೆಲಸದಲ್ಲಿ ನನ್ನ ಮೊದಲ ವರ್ಷ, ಬಿಪಿ ನೋಡಿಸಲು ಬಂದ ಒಬ್ಬರು ಹಿರಿಯ ಹೆಂಗಸು ಎದೆಯಲ್ಲಿ ಗಂಟು ಸಿಕ್ಕಿದೆ, ಭಯವಾಗುತ್ತದೆ ಅಂದರು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಾಡಿಸೋಣ, ನಾನೇ ಜೊತೆಗೆ ಬರುತ್ತೇನೆ ಅಂದೆ. ಒಪ್ಪಿದರು. ಆ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಅವರ ಹೆಸರು, ಕಾಯಿಲೆ ಎರಡನ್ನೂ ಎಲ್ಲರ ಮುಂದೆ ಹೇಳಿಬಿಟ್ಟೆ. ಮನಸ್ಸು ತುಂಬಿ ಹೇಳಿದ್ದೆ.

ಅವರು ಚರ್ಚಿಗೆ ಬರುವುದನ್ನು ಬಿಡಲಿಲ್ಲ. ನನ್ನ ಮೇಜಿಗೆ ಮಾತ್ರ ಮತ್ತೆ ಬರಲಿಲ್ಲ. ಕ್ಷಮೆ ಕೇಳಲು ಹೋದರೆ ಚೆನ್ನಾಗಿದ್ದೇನೆ ಅಂತಷ್ಟೇ ಹೇಳಿ ಕೋಟು ಹಾಕಿಕೊಂಡರು. ಆಮೇಲೆ ಮಗಳ ಊರಿಗೆ ಹೋದರು. ಅವರು ಮ್ಯಾಮೊಗ್ರಾಮ್ ಮಾಡಿಸಿದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ನಿನಗೂ ಊರಿನ ಅದೇ ಅಭ್ಯಾಸ ಇರುತ್ತದೆ, ಅದಕ್ಕೇ ಬರೆದೆ. ಯಾರೇ ಏನೇ ಹೇಳಿಕೊಂಡರೂ, ಪ್ರಾರ್ಥನೆಯಲ್ಲಿ ನಿಮ್ಮ ಹೆಸರು ಹೇಳಲಾ ಅಂತ ಮೊದಲು ಕೇಳು. ಬೇಡ ಅಂದರೆ ಸಭಾಪಾಲಕರಿಗೂ ಹೇಳಬೇಡ. ಮನೆಗೆ ಬಂದು ಒಬ್ಬಳೇ ಪ್ರಾರ್ಥನೆ ಮಾಡು.