ನೀಲಿ ಪರದೆ ಬಂತೆಂದು ಫಾರ್ಮ್ಯಾಟ್ ಮಾಡಿಸಬೇಡಿ

ಪ್ರಶ್ನೆ: ನಮ್ಮದು ಲಗ್ನಪತ್ರಿಕೆ ಮಾಡುವ ಅಂಗಡಿ. ಕೋರೆಲ್‌ಡ್ರಾದಲ್ಲಿ ದೊಡ್ಡ ಫೈಲ್ ತೆರೆದು ಝೂಮ್ ಮಾಡಿದರೆ ಸಾಕು, ಪರದೆ ಕಪ್ಪಾಗಿ, ಆಮೇಲೆ ನೀಲಿಯಾಗಿ ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಫಾರ್ಮ್ಯಾಟ್ ಮಾಡಿಸಿದೆವು. ಎರಡೇ ದಿನ, ಮತ್ತೆ ಅದೇ ರಾಗ. ವಿಂಡೋಸ್ 10, ಹಳೆಯ ಗ್ರಾಫಿಕ್ಸ್ ಕಾರ್ಡ್.
– ಓದುಗರು, ಬೆಟಗೇರಿ

ಉತ್ತರ: ಎರಡು ದಿನಕ್ಕೆ ಮರಳಿತೆಂಬುದೇ ಸುಳಿವು. ನೆಟ್ ಸಿಕ್ಕ ಕೂಡಲೇ ವಿಂಡೋಸ್ ಅಪ್‌ಡೇಟ್ ಕಾರ್ಡಿನ ಅದೇ ಡ್ರೈವರನ್ನು (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಮತ್ತೆ ತಂದು ಹಾಕಿರಬಹುದು. ಕೋರೆಲ್‌ಡ್ರಾ ಎಡವಿದರೆ ಅದೊಂದೇ ಮುಚ್ಚುತ್ತದೆ. ಡ್ರೈವರ್ ಓಡುವುದು ವಿಂಡೋಸ್‌ನ ತಿರುಳಾದ ಕರ್ನೆಲ್‌ನಲ್ಲಿ, ಅದು ಎಡವಿದರೆ ಇಡೀ ಯಂತ್ರವೇ ನಿಲ್ಲುತ್ತದೆ. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ರೀಸೆಟ್ ಮಾಡಿ ನೋಡುತ್ತದೆ. ನಿಮ್ಮ ಪರದೆ ಕಪ್ಪಾಗುವುದು ಆಗಲೇ. ರೀಸೆಟ್ ಕೂಡ ಆಗದಿದ್ದರೆ ನೀಲಿ.

ಮೊದಲು ಆ ನೀಲಿ ಪರದೆ ಮಾಯವಾಗದೆ ನಿಲ್ಲುವಂತೆ ಮಾಡಿ. ಸಿಸ್ಟಮ್ ಪ್ರಾಪರ್ಟೀಸ್‌ನ ‘ಅಡ್ವಾನ್ಸ್‌ಡ್’ನಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ತೆರೆದು ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಕೆಳಗೆ ಕಾಣುವ ಫೈಲ್ ಹೆಸರನ್ನು ಮೊಬೈಲ್‌ನಲ್ಲಿ ಫೋಟೊ ಹೊಡೆದುಕೊಳ್ಳಿ. ‘ಎನ್‌ವಿ’ ಎಂದು ಶುರುವಾದರೆ ಎನ್‌ವಿಡಿಯಾ, ‘ಐಜಿಡಿ’ ಎಂದರೆ ಇಂಟೆಲ್, ‘ಎಟಿಐ’ ಅಥವಾ ‘ಎಎಂಡಿ’ ಎಂದರೆ ಎಎಂಡಿ. ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ದಿನವಾರು ಪಟ್ಟಿ ಬರುತ್ತದೆ. ಕೆಂಪು ಗುರುತು ಮೊದಲು ಬಿದ್ದ ದಿನವೋ, ಅದರ ಹಿಂದಿನ ದಿನವೋ ಯಾವ ಡ್ರೈವರ್ ಕೂತಿದೆ ನೋಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಹಿಂದಿನ ಡ್ರೈವರಿಗೆ ಮರಳಿಸುವ ‘ರೋಲ್ ಬ್ಯಾಕ್’ ಗುಂಡಿ ನಿಮಗೆ ಮಂಕಾಗಿಯೇ ಕಂಡೀತು, ಫಾರ್ಮ್ಯಾಟ್‌ನಲ್ಲಿ ಹಳೆಯ ಪ್ರತಿ ಹೋಗಿದೆ. ಆದ್ದರಿಂದ ಕಾರ್ಡ್ ತಯಾರಕರ ತಾಣದಿಂದ ಅದೇ ಮಾಡೆಲ್ಲಿನ ಡ್ರೈವರ್ ಇಳಿಸಿಕೊಳ್ಳಿ. ಡಿಟಿಪಿ ಅಂಗಡಿಗಳಲ್ಲಿ ಕಾಣುವ ಎನ್‌ವಿಡಿಯಾ ಜಿಟಿ 710 ಆಗಿದ್ದರೆ 470 ಸರಣಿಯ ಡ್ರೈವರೇ ಕೊನೆ, ಅದಕ್ಕಿಂತ ಹೊಸದು ಹುಡುಕಬೇಡಿ. ಈಗ ನೆಟ್ ಕೇಬಲ್ ಕಿತ್ತು, ‘ಡಿಸ್‌ಪ್ಲೇ ಅಡಾಪ್ಟರ್ಸ್‌’ನಲ್ಲಿ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಗ ಬರುವ ‘ಡಿಲೀಟ್ ದ ಡ್ರೈವರ್ ಸಾಫ್ಟ್‌ವೇರ್’ಗೆ ಟಿಕ್ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೋದ ಭೂತ ರೀಸ್ಟಾರ್ಟ್ ಆದ ಕೂಡಲೇ ವಾಪಸ್. ರೀಸ್ಟಾರ್ಟ್, ಹೊಸ ಡ್ರೈವರ್, ಮತ್ತೆ ರೀಸ್ಟಾರ್ಟ್. ‘ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್’ನಲ್ಲಿ ‘ನೋ’ ಒತ್ತಿದ ಮೇಲೆಯೇ ಕೇಬಲ್ ಚುಚ್ಚಿ.

ಇಷ್ಟಾಗಿಯೂ ನೀಲಿ ಬಂದರೆ ಡ್ರೈವರನ್ನು ಬಿಟ್ಟು ಕಾರ್ಡನ್ನು ಅನುಮಾನಿಸಿ. ಸೇಫ್ ಮೋಡ್‌ನಲ್ಲಿ (ತೀರಾ ಬೇಕಾದ ಡ್ರೈವರ್‌ಗಳಷ್ಟೇ ಓಡುವ ವಿಂಡೋಸ್) ಚೆನ್ನಾಗಿ ಓಡಿತೆಂದು ಕಾರ್ಡಿಗೆ ಕ್ಲೀನ್ ಚಿಟ್ ಕೊಡಬೇಡಿ, ಅಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಫ್ಯಾನಿನ ಧೂಳು ತೆಗೆದು ನೋಡಿ. ಆಮೇಲೆ ಕಾರ್ಡ್ ಬಿಚ್ಚಿ, ಮದರ್‌ಬೋರ್ಡಿನ ಪೋರ್ಟಿಗೆ ಮಾನಿಟರ್ ಜೋಡಿಸಿ ಒಂದು ದಿನ ಕೆಲಸ ಮಾಡಿ. ನಿಮ್ಮ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೆ ಮಾತ್ರ ಇದು ಸಾಧ್ಯ.

ಪ್ರಶ್ನೆ: ಎಲ್ಲ ಡ್ರೈವರ್‌ಗಳನ್ನೂ ತಾನೇ ಅಪ್‌ಡೇಟ್ ಮಾಡುವ ಉಚಿತ ಸಾಫ್ಟ್‌ವೇರ್ ಹಾಕಬಹುದೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬೇಡ. ಸರಿಯಾಗಿ ಓಡುತ್ತಿರುವ ಡ್ರೈವರ್ ಹಳೆಯದೆಂಬ ಒಂದೇ ಕಾರಣಕ್ಕೆ ಮುಟ್ಟಬಾರದು. ಲ್ಯಾಪ್‌ಟಾಪ್ ಆದರೆ ಅದರ ಕಂಪನಿಯ ತಾಣ ಸಾಕು.

ಪ್ರಶ್ನೆ: ಅಡತಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದಿಂದ ಬಿಲ್ಲಿಂಗ್‌ಗೆ ತೂಕ ಬರುತ್ತಿತ್ತು. ಅಪ್‌ಡೇಟ್ ಆದ ಮೇಲೆ ನಿಂತಿದೆ, ಕೇಬಲ್ ಹೆಸರಿನ ಮೇಲೆ ಹಳದಿ ಗುರುತು, ‘ಕೋಡ್ 10’.
– ಓದುಗರು, ಬ್ಯಾಡಗಿ

ಉತ್ತರ: ಕಾಟಾ ಕೆಟ್ಟಿಲ್ಲ, ‘ಕೋಡ್ 10’ ಎಂದರೆ ಸಾಧನ ಶುರುವಾಗಲಿಲ್ಲ ಎಂದಷ್ಟೇ. ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವ ನಿಮ್ಮ ಯುಎಸ್‌ಬಿ-ಸೀರಿಯಲ್ ಕೇಬಲ್‌ನಲ್ಲಿ ಪಿಎಲ್2303 ಎಂಬ ಚಿಪ್ಪಿನ ಹಳೆಯ ಅವತಾರವೋ ನಕಲಿಯೋ ಇದ್ದೀತು. ಹೊಸ ಡ್ರೈವರ್ ಅವನ್ನು ಬೇಕೆಂದೇ ನಿರಾಕರಿಸುತ್ತದೆ. ಡಿವೈಸ್ ಮ್ಯಾನೇಜರ್‌ನ ‘ಪೋರ್ಟ್ಸ್’ನಲ್ಲಿ ‘ಅಪ್‌ಡೇಟ್ ಡ್ರೈವರ್’, ‘ಬ್ರೌಸ್ ಮೈ ಕಂಪ್ಯೂಟರ್’, ‘ಲೆಟ್ ಮಿ ಪಿಕ್’ ಒತ್ತಿ, ಪಟ್ಟಿಯಲ್ಲಿರುವ ಹಳೆಯ ತಾರೀಖಿನ ಡ್ರೈವರ್ ಆರಿಸಿ. ಮುಂದಿನ ಅಪ್‌ಡೇಟ್ ಮತ್ತೆ ಕೆಡಿಸಬಹುದು. ಸೀಸನ್ನಿನಲ್ಲಿ ಆ ತಲೆನೋವು ಬೇಡವೆಂದರೆ ಎಫ್‌ಟಿಡಿಐ ಕಂಪನಿಯ ಅಸಲಿ ಚಿಪ್ಪಿನ ಕೇಬಲ್ ತನ್ನಿ. ಹೊಸ ಕೇಬಲ್ ಚುಚ್ಚಿದಾಗ ವಿಂಡೋಸ್ ಅದಕ್ಕೆ ಕೊಡುವ ಕಾಮ್ ಪೋರ್ಟಿನ ನಂಬರ್ ಬದಲಾಗುವುದುಂಟು, ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೂ ಅದೇ ನಂಬರ್ ಹಾಕಿ.